ನಾಗರಿಕತೆ: ಹೆಸರೋ, ಪ್ರಶಸ್ತಿಪತ್ರವೋ?

ಎಲ್ಲಾದರೂ ಘೋರ ಕೃತ್ಯ ನಡೆದರೆ ಕನ್ನಡದ ವರದಿ ಬಹುಮಟ್ಟಿಗೆ ಹೀಗೇ ಶುರುವಾಗುತ್ತದೆ: ‘ನಾಗರಿಕ ಸಮಾಜ ತಲೆ ತಗ್ಗಿಸುವಂಥ ಘಟನೆ.’ ಅದೇ ಪತ್ರಿಕೆಯ ಒಳಪುಟಗಳಲ್ಲಿ ನಾಗರಿಕ ವಿಮಾನಯಾನ ಸಚಿವರ ಹೇಳಿಕೆ ಇರುತ್ತದೆ, ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಯ ಪಡಿತರದ ಸುದ್ದಿ ಇರುತ್ತದೆ, ಹಿರಿಯ ನಾಗರಿಕರ ಬಸ್ ಪಾಸಿನ ಪ್ರಕಟಣೆ ಇರುತ್ತದೆ. ಪತ್ರಿಕೆ ಮಡಿಸಿಟ್ಟರೆ ಪಕ್ಕದ ಕೋಣೆಯಲ್ಲಿ ಮಗು ‘ಸಿಂಧೂ ಬಯಲಿನ ನಾಗರಿಕತೆ’ಯ ಲಕ್ಷಣಗಳನ್ನು ಬಾಯಿಪಾಠ ಮಾಡುತ್ತಿರುತ್ತದೆ.

ಒಂದೇ ಪದ. ಪಡಿತರ ಚೀಟಿಯಲ್ಲಿ ಅದಕ್ಕೆ ‘ಜನ’ ಎಂದಷ್ಟೇ ಅರ್ಥ. ವರದಿಯ ಮೊದಲ ಸಾಲಿನಲ್ಲಿ ಅದು ನಡತೆಯನ್ನು ಅಳೆಯುವ ಕೋಲು. ಪಠ್ಯಪುಸ್ತಕದಲ್ಲಿ ಮಾತ್ರ ಅದು ಎರಡು ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ: ಹೆಸರೂ ಹೌದು, ಪ್ರಶಸ್ತಿಪತ್ರವೂ ಹೌದು. ಪ್ರಾಚೀನ ಜನರ ಅಧ್ಯಯನದಲ್ಲಿ ಆಗಿರುವ ಎಷ್ಟೋ ಎಡವಟ್ಟುಗಳ ಬೇರು ಈ ಬೆರಕೆಯಲ್ಲಿದೆ.

ನಾಗರಿಕ ಪದದ ತವರು ನಗರ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಕನ ದಿನಚರಿಗೇ ಒಂದು ಅಧ್ಯಾಯವಿದೆ. ಅವನ ಮನೆ ನೀರಿನ ಬಳಿ ಇರಬೇಕು, ಕೋಣೆಯ ಗೂಟಕ್ಕೆ ವೀಣೆ ತೂಗಿರಬೇಕು, ಊಟವಾದ ಮೇಲೆ ಅವನು ಗಿಳಿಗೆ ಮಾತು ಕಲಿಸಬೇಕು. ಇವನ ಎದುರಿಗೆ ನಿಂತವನು ಹಳ್ಳಿಯವನು. ಕಾವ್ಯಮೀಮಾಂಸೆಯಲ್ಲಿ ‘ಗ್ರಾಮ್ಯ’ ಎಂಬುದು ಒಂದು ದೋಷದ ಹೆಸರು. ಹಿಂದಿಯಿಂದ ಬಂದ ‘ಗಮಾರ’ ಬೈಗುಳದ ಒಳಗೂ ಹಳ್ಳಿಯೇ ಇದೆ. ಅಂದರೆ ಈ ಪದ ಹುಟ್ಟುವಾಗಲೇ ಪಟ್ಟಣದ ಪರ ನಿಂತಿತ್ತು. ತಮಿಳಿನಲ್ಲಿ ಅದರ ಬಾಳು ಸ್ವಲ್ಪ ಬೇರೆಯಾಯಿತು. ತಿರುಕ್ಕುರಳಿನ 580ನೆಯ ಕುರಳಿನಲ್ಲಿ ‘ನಾಗರಿಕಂ’ ಎಂದರೆ ದಾಕ್ಷಿಣ್ಯ, ಸೌಜನ್ಯ: ಆಪ್ತರು ವಿಷ ಬಡಿಸಿದರೂ ಉಂಡು ಸುಮ್ಮನಿರುವ ಗುಣ. ಅಲ್ಲಿ ವೀಣೆಯೂ ಇಲ್ಲ, ಗಿಳಿಯೂ ಇಲ್ಲ.

‘ಅನಾಗರಿಕ’ದ ಜೊತೆ ಗೊಂದಲವಾಗುವ ಇನ್ನೊಂದು ಪದವನ್ನು ಇಲ್ಲೇ ನೆನೆಯಬೇಕು. ಶ್ರೀಲಂಕಾದ ಬೌದ್ಧ ಧರ್ಮಪ್ರಚಾರಕ ಧರ್ಮಪಾಲರು (1864–1933) ತಮ್ಮ ಹೆಸರಿನ ಮುಂದೆ ಹೆಮ್ಮೆಯಿಂದ ‘ಅನಾಗಾರಿಕ’ ಎಂದು ಇಟ್ಟುಕೊಂಡಿದ್ದರು. ಅದು ಪಾಳಿಯ ಪದ. ಆಗಾರ, ಅಂದರೆ ಮನೆ, ಬಿಟ್ಟವನು ಎಂದು ಅರ್ಥ. ಒಂದು ದೀರ್ಘದ ಅಂತರದಲ್ಲಿ ಬೈಗುಳ ಬಿರುದಾಗಿ ನಿಲ್ಲುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ‘ಸಿವಿಲೈಸೇಷನ್’ ಭಾರತಕ್ಕೆ ಬಂದಾಗ ಒಂದೊಂದು ಭಾಷೆ ಒಂದೊಂದು ಹಳೆಯ ಪದವನ್ನು ಅದಕ್ಕೆ ಜೋಡಿಸಿತು. ಹಿಂದಿ ಮತ್ತು ಬಂಗಾಳಿಗಳು ಸಭೆಯಿಂದ ಹುಟ್ಟಿದ ‘ಸಭ್ಯತಾ’ ಹಿಡಿದವು. ಮರಾಠಿ ‘ಸಂಸ್ಕೃತಿ’ ಎಂದಿತು. ಕನ್ನಡ, ತೆಲುಗು ನಗರದ ಕಡೆ ಹೋದವು. ಕನ್ನಡದಲ್ಲಿ ಸಭ್ಯತೆ ಎಂಬುದು ಮನೆಗೆ ಬಂದವರ ಮುಂದೆ ಹೇಗೆ ಕೂರಬೇಕು ಎಂಬಲ್ಲಿಗೇ ಉಳಿಯಿತು.

ಯುರೋಪಿನಲ್ಲೂ ‘ಸಿವಿಲೈಸೇಷನ್’ ತೀರ ಹಳೆಯ ಪದವಲ್ಲ. ಫ್ರಾನ್ಸಿನಲ್ಲಿ 1750ರ ದಶಕದಲ್ಲಿ ಹಿರಿಯ ಮಿರಾಬೋ ಎಂಬ ಅರ್ಥಶಾಸ್ತ್ರಜ್ಞನ ಬರಹದಲ್ಲಿ ಅದು ಈ ಹೊಸ ಅರ್ಥದಲ್ಲಿ ಕಾಣಿಸಿಕೊಂಡಿತು. 1772ರ ಮಾರ್ಚ್ 23ರಂದು ಜೇಮ್ಸ್ ಬಾಸ್ವೆಲ್ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರ ಮನೆಗೆ ಹೋದಾಗ ಅವರು ತಮ್ಮ ನಿಘಂಟಿನ ನಾಲ್ಕನೆಯ ಆವೃತ್ತಿಯಲ್ಲಿ ಮುಳುಗಿದ್ದರು. ‘ಸಿವಿಲೈಸೇಷನ್’ ಪದವನ್ನು ಸೇರಿಸಲು ಜಾನ್ಸನ್ ಒಪ್ಪಲಿಲ್ಲ. ‘ಸಿವಿಲಿಟಿ’ ಸಾಕು ಎಂದರು. ಬರ್ಬರತೆಗೆ ವಿರುದ್ಧ ಪದವಾಗಿ ಹೊಸದೇ ಚೆನ್ನ ಎಂದು ಬಾಸ್ವೆಲ್ಲರಿಗೆ ಅನಿಸಿತು. ಜಾನ್ಸನ್ ಬಾಗಿಲು ಹಾಕಿದರೂ ಪದ ಒಳಗೆ ಬಂದೇಬಿಟ್ಟಿತು, ಬರುವಾಗ ತನ್ನ ಎದುರಾಳಿಯನ್ನೂ ಕರೆತಂದಿತು.

ಆ ಎದುರಾಳಿ ಕನ್ನಡ ಪತ್ರಿಕೆಗಳಿಗೆ ಚೆನ್ನಾಗಿ ಗೊತ್ತು: ‘ಬರ್ಬರ ಹತ್ಯೆ’. ಅರ್ಥವಾಗದ ಮಾತು ಗ್ರೀಕರ ಕಿವಿಗೆ ‘ಬರ್ ಬರ್’ ಎಂದು ಕೇಳಿ ‘ಬಾರ್ಬರೋಸ್’ ಹುಟ್ಟಿತು. ಸಂಸ್ಕೃತದ ಬರ್ಬರಕ್ಕೂ ತೊದಲುವವನು ಎಂಬ ಅರ್ಥವಿದೆ. ಪರಭಾಷೆಯವನು ಎಂಬಲ್ಲಿಂದ ಹೊರಟ ಪದ ಕ್ರೂರಿ ಎಂಬಲ್ಲಿಗೆ ಬಂದು ನಿಂತಿತು.

ಆದರೂ ಆ ಗ್ರೀಕರಲ್ಲೇ ಹೆರೊಡೋಟಸ್ ಇದ್ದ. ಗ್ರೀಕರು ಮತ್ತು ಬರ್ಬರರು ಇಬ್ಬರ ಸಾಧನೆಯೂ ಮರೆತುಹೋಗಬಾರದು ಎಂದು ಆರಂಭದಲ್ಲೇ ಹೇಳಿ ಅವನು ತನ್ನ ಇತಿಹಾಸ ಬರೆದ. ಅವನ ಮೂರನೆಯ ಪುಸ್ತಕದಲ್ಲಿ ಪರ್ಷಿಯಾದ ದೊರೆ ದಾರಿಯಸನ ಕಥೆ ಬರುತ್ತದೆ. ಸತ್ತ ತಂದೆಯ ದೇಹವನ್ನು ತಿನ್ನಲು ಎಷ್ಟು ಹಣ ಬೇಕು ಎಂದು ದೊರೆ ಗ್ರೀಕರನ್ನು ಕೇಳುತ್ತಾನೆ. ಎಷ್ಟು ಕೊಟ್ಟರೂ ಸಾಧ್ಯವಿಲ್ಲ ಎನ್ನುತ್ತಾರೆ ಅವರು. ಸತ್ತವರನ್ನು ತಿನ್ನುವ ವಾಡಿಕೆಯಿದ್ದ ಕಲ್ಲಾಟಿಯ ಎಂಬ ಭಾರತದ ಕಡೆಯ ಜನರನ್ನು ಕರೆಸಿ, ತಂದೆಯನ್ನು ಸುಡಲು ಎಷ್ಟು ಬೇಕು ಎಂದು ಕೇಳುತ್ತಾನೆ. ಅಂಥ ಮಾತನ್ನೇ ಆಡಬೇಡಿ ಎಂದು ಅವರು ಕೂಗುತ್ತಾರೆ. ಕಥೆ ಎಷ್ಟು ನಿಜವೋ, ಹೆರೊಡೋಟಸ್ ಅದನ್ನು ಬರೆದ ರೀತಿಯಂತೂ ದೊಡ್ಡದು: ಎರಡು ಕಡೆಯ ಅಸಹ್ಯವನ್ನೂ ಒಂದೇ ತಕ್ಕಡಿಯಲ್ಲಿಟ್ಟ. ಮುಂದೆ ಪ್ಲೂಟಾರ್ಕ್ ಅವನನ್ನು ‘ಬರ್ಬರಪ್ರೇಮಿ’ ಎಂದು ಜರೆದ.

ಹೆರೊಡೋಟಸನ ಈ ಸಮಚಿತ್ತ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಿಗೆ ಒದಗಲಿಲ್ಲ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1877ರ ‘ಏನ್ಷಂಟ್ ಸೊಸೈಟಿ’ ಪುಸ್ತಕದಲ್ಲಿ ಮನುಕುಲವನ್ನು ಏಣಿಯ ಮೇಲೆ ನಿಲ್ಲಿಸಿದ: ಕೆಳಗೆ ಕಾಡುಸ್ಥಿತಿ, ನಡುವೆ ಬರ್ಬರ ಸ್ಥಿತಿ, ತುದಿಯಲ್ಲಿ ನಾಗರಿಕತೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಗುರುತು: ಬಿಲ್ಲುಬಾಣ, ಮಡಕೆ, ಕಬ್ಬಿಣ, ಅಕ್ಷರ. ನಕ್ಷತ್ರ ಮತ್ತು ಅಲೆಗಳನ್ನು ಓದಿ ಶಾಂತಸಾಗರದ ದ್ವೀಪದ್ವೀಪಗಳಿಗೆ ದೋಣಿ ನಡೆಸಿದ ಪಾಲಿನೇಷ್ಯಾದವರು ಈ ಲೆಕ್ಕದಲ್ಲಿ ಕಾಡುಸ್ಥಿತಿಯ ನಡುವಿನ ಮೆಟ್ಟಿಲಿಗೆ ಬಿದ್ದರು. ಆಂಡಿಸ್ ಬೆಟ್ಟಗಳಲ್ಲಿ ಸಾವಿರಾರು ಕಿಲೋಮೀಟರ್ ರಸ್ತೆ ಹಾಸಿ, ಸಾಮ್ರಾಜ್ಯದ ಲೆಕ್ಕವನ್ನೆಲ್ಲ ದಾರದ ಗಂಟುಗಳಲ್ಲಿ ಇಟ್ಟ ಪೆರುವಿನ ಜನ ಬರ್ಬರ ಸ್ಥಿತಿಯ ನಡುವಿನಲ್ಲಿ ಉಳಿದರು. ಅವರಿಗೆ ಕಬ್ಬಿಣವಿರಲಿಲ್ಲ, ಅಕ್ಷರವಿರಲಿಲ್ಲ.

ಅಕ್ಷರದ ಈ ಪರೀಕ್ಷೆಯನ್ನು ಕನ್ನಡದವರು ಒಪ್ಪಲು ಕಷ್ಟ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಈ ನಾಡಿನ ಜನ ಓದಿಲ್ಲದೆಯೂ ಕಾವ್ಯದಲ್ಲಿ ನುರಿತವರು ಎಂದು ಅಭಿಮಾನದಿಂದ ಹೇಳಿತು. ಮಂಟೇಸ್ವಾಮಿ, ಮಲೆ ಮಾದೇಶ್ವರ ಕಾವ್ಯಗಳು ಬಾಯಿಂದ ಬಾಯಿಗೆ ಬಂದವು. ಅಕ್ಷರ ಒಂದು ಉಪಕರಣ. ಅದು ಇಲ್ಲದವರ ಬಳಿ ಬೇರೆ ಉಪಕರಣಗಳು ಇರುತ್ತವೆ.

ಅಳತೆಗೋಲು ಯಾರ ಕೈಯಲ್ಲಿದೆ ಎಂಬುದು ಎಷ್ಟು ಅಪಾಯಕಾರಿಯಾಗಬಲ್ಲದು ಎಂದು ನೋಡಲು ಆಫ್ರಿಕಾಕ್ಕೆ ಹೋಗಬೇಕು. ಆಫ್ರಿಕಾ ಖಂಡದ ದಕ್ಷಿಣ ಭಾಗದ ಪ್ರಸ್ಥಭೂಮಿಯಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಎಬ್ಬಿಸಿದ ಭಾರಿ ಗೋಡೆಗಳ ಊರಿದೆ, ಗ್ರೇಟ್ ಜಿಂಬಾಬ್ವೆ. 1871ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ಕಾರ್ಲ್ ಮೌಖ್ ಒಂದು ಮರದ ಚೂರನ್ನು ನೋಡಿ ಅದು ಲೆಬನಾನಿನ ದೇವದಾರು ಎಂದು ಭಾವಿಸಿದ, ಆದ್ದರಿಂದ ಇದು ಬೈಬಲ್ಲಿನ ಶೀಬಾ ರಾಣಿಗೆ ಸಂಬಂಧಿಸಿದ್ದು ಎಂದ. ಕಪ್ಪುಜನ ಇಂಥದ್ದನ್ನು ಕಟ್ಟಲಾರರು ಎಂಬ ತೀರ್ಪು ಮೊದಲೇ ಆಗಿತ್ತು. ಉಳಿದದ್ದು ಸಾಕ್ಷಿ ಹುಡುಕುವ ಕೆಲಸ. 1905ರಲ್ಲಿ ಡೇವಿಡ್ ರಾಂಡಲ್-ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಮ್ಸನ್ ಅಗೆದು ನೋಡಿ, ಇದು ಆಫ್ರಿಕಾದವರೇ ಕಟ್ಟಿದ್ದು ಎಂದು ಸ್ಪಷ್ಟವಾಗಿ ಹೇಳಿದರು. ಆಮೇಲೂ ಆಗ ರೊಡೇಷ್ಯಾ ಎನಿಸಿಕೊಂಡಿದ್ದ ಆ ದೇಶದ ಬಿಳಿಯರ ಸರ್ಕಾರ ಆ ಮಾತನ್ನು ಸಾರ್ವಜನಿಕವಾಗಿ ಒಪ್ಪಲು ಬಿಡಲಿಲ್ಲ. ಪುರಾತತ್ತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯಿತು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ಆ ದೇಶ ಇಟ್ಟುಕೊಂಡದ್ದು ಆ ಗೋಡೆಗಳ ಹೆಸರನ್ನೇ.

ತೀರ್ಪು ಯಾವಾಗಲೂ ತೆಗಳಿಕೆಯ ರೂಪದಲ್ಲೇ ಬರುವುದಿಲ್ಲ. ಹೆಸರಿಡುವಾಗಲೂ ನುಸುಳುತ್ತದೆ. ಸಿಂಧೂ ಬಯಲಿನ ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ಹತ್ತೂವರೆ ಸೆಂಟಿಮೀಟರ್ ಎತ್ತರದ ಕಂಚಿನ ಹುಡುಗಿ ಈಗ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದ್ದಾಳೆ. ಸೊಂಟದ ಮೇಲೆ ಕೈ, ತೋಳಿನ ತುಂಬ ಬಳೆ, ಮೇಲೆತ್ತಿದ ಗಲ್ಲ. ಅವಳು ಕುಣಿಯುತ್ತಿಲ್ಲ, ನಿಂತಿದ್ದಾಳೆ. ‘ನರ್ತಕಿ’ ಎಂಬ ಹೆಸರು ವಸಾಹತು ಕಾಲದ ಅಧಿಕಾರಿಗಳು ತಾವು ಕಂಡಿದ್ದ ನಾಚ್ ಕೂಟಗಳ ನೆನಪಿನಿಂದ ಬಂದದ್ದಿರಬೇಕು. ಶಾಲು ಹೊದ್ದ, ಗಡ್ಡದ, ಅರೆಗಣ್ಣಿನ ಇನ್ನೊಂದು ಕಲ್ಲಿನ ಮೂರ್ತಿ ‘ಪುರೋಹಿತ ರಾಜ’ನಾಯಿತು, ಅವನು ಪುರೋಹಿತ ಎನ್ನಲೂ ಆಧಾರವಿಲ್ಲ, ರಾಜ ಎನ್ನಲೂ ಆಧಾರವಿಲ್ಲ. ಹರಪ್ಪದ ಲಿಪಿಯನ್ನು ಇನ್ನೂ ಯಾರೂ ಓದಿಲ್ಲ. ಆದರೂ ಆ ಇಬ್ಬರಿಗೆ ಉದ್ಯೋಗ ಕೊಟ್ಟು ಸುಮಾರು ನೂರು ವರ್ಷವಾಯಿತು.

ಹೊಗಳಿಕೆಯೂ ಹಾಗೆಯೇ. ಹರಪ್ಪನ್ನರ ಒಳಚರಂಡಿ ‘ಇಂದಿನ ನಗರಗಳನ್ನೂ ನಾಚಿಸುವಂತಿತ್ತು’ ಎಂಬ ಮಾತು ಭಾಷಣಗಳಲ್ಲಿ ಸಾಮಾನ್ಯ. ಅದರಲ್ಲಿ ಪ್ರೀತಿಯಿದೆ, ನಿಜ. ಆದರೆ ಅವರು ಇಂದಿನವರನ್ನು ಹೋಲುವ ಮಟ್ಟಿಗೆ ಮಾತ್ರ ದೊಡ್ಡವರು ಎಂಬ ಅಳತೆಯೂ ಅದರಲ್ಲಿದೆ. ಕ್ರಿ.ಪೂ. 1900ರ ಸುಮಾರಿಗೆ ಜನ ಆ ದೊಡ್ಡ ಊರುಗಳನ್ನು ಬಿಟ್ಟು ಗುಜರಾತ್, ಹರಿಯಾಣದ ಕಡೆಯ ಸಣ್ಣ ಊರುಗಳಲ್ಲಿ ನೆಲೆಸಿದ್ದನ್ನು ‘ಅವನತಿ’ ಎನ್ನುವುದೂ ನಗರದ ಕಿಟಕಿಯಿಂದ ನೋಡಿದ ಮಾತೇ. ಅಲ್ಲಿ ಹೋದವರು ಬಿತ್ತಿದರು, ಬೆಳೆದರು, ಮಕ್ಕಳನ್ನು ಸಾಕಿದರು.

ಹಾಗಾದರೆ ನರಬಲಿಯನ್ನೂ ಸುಮ್ಮನೆ ನೋಡಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಮೆಕ್ಸಿಕೋ ನಗರದ ನೆಲವೇ ಉತ್ತರ ಕೊಟ್ಟಿದೆ. ಅದರಡಿ ಹುದುಗಿರುವ ಅಜ್ಟೆಕರ ರಾಜಧಾನಿಯಲ್ಲಿ ಬಲಿಯಾದವರ ತಲೆಬುರುಡೆಗಳ ಚೌಕಟ್ಟಿನಲ್ಲಿ 1,36,000 ಬುರುಡೆಗಳಿದ್ದವು ಎಂದು ಸ್ಪೇನಿನ ಸೈನಿಕ ಆಂಡ್ರೆಸ್ ದೆ ತಾಪಿಯ ಬರೆದಿಟ್ಟಿದ್ದ. ಗೆದ್ದವರಿಗೆ ಆ ಸಂಖ್ಯೆ ಬೇಕಿತ್ತು. ಅಂಥ ಜನರನ್ನು ಗೆದ್ದದ್ದು ಪುಣ್ಯ ಎಂದು ಹೇಳಿಕೊಳ್ಳಲು ಅನುಕೂಲವಾಯಿತು. ಮುಂದೆ ಅಜ್ಟೆಕರ ಪರ ನಿಂತವರಲ್ಲಿ ಕೆಲವರು ಇದೆಲ್ಲ ಸ್ಪೇನಿನವರ ಕಟ್ಟುಕಥೆ ಎಂದು ತಳ್ಳಿಹಾಕಿದರು. 2015ರಲ್ಲಿ ಅಲ್ಲಿನ ಕೆತೀಡ್ರಲ್ಲಿನ ಹಿಂದಿನ ಒಂದು ಕಟ್ಟಡದ ತಳದಲ್ಲಿ ಪುರಾತತ್ತ್ವಜ್ಞರಿಗೆ ಆ ಚೌಕಟ್ಟಿನ ಅವಶೇಷ, ಸುಣ್ಣದಲ್ಲಿ ಕೂರಿಸಿದ ಬುರುಡೆಗಳ ದುಂಡನೆಯ ಗೋಪುರ ಸಿಕ್ಕವು. 2020ರ ಹೊತ್ತಿಗೆ ಆರುನೂರಕ್ಕೂ ಹೆಚ್ಚು ಬುರುಡೆಗಳನ್ನು ಗುರುತಿಸಲಾಗಿತ್ತು. ಅವು ಸೆರೆಸಿಕ್ಕ ಯೋಧರವು ಮಾತ್ರ ಆಗಿರಲಿಲ್ಲ, ಹೆಂಗಸರವು ಮತ್ತು ಮಕ್ಕಳವೂ ಇದ್ದವು. ಬಲಿ ನಡೆದದ್ದು ನಿಜ; ತಾಪಿಯನ ಲೆಕ್ಕಕ್ಕೆ ಮಾತ್ರ ನೆಲದಲ್ಲಿ ಆಧಾರ ಸಿಕ್ಕಿಲ್ಲ. ಆ ಮಕ್ಕಳಿಗಾಗಿ ಓದುಗನ ಕರುಳು ಹಿಂಡಿದರೆ ಹಿಂಡಲಿ. ಆದರೆ ಎಣಿಸುವವನ ಕೈ ನಡುಗಬಾರದು. ಧಿಕ್ಕಾರಕ್ಕಾಗಿ ಎಣಿಸಿದವನೂ ತಪ್ಪಿದ, ಸಮರ್ಥನೆಗಾಗಿ ಎಣಿಸದೆ ಬಿಟ್ಟವನೂ ತಪ್ಪಿದ.

ಹಾಗಾದರೆ ‘ನಾಗರಿಕತೆ’ ಎಂಬ ಪದವನ್ನೇ ಬಿಟ್ಟುಬಿಡಬೇಕೇ? ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲೇ ಅದಕ್ಕೊಂದು ಒಳ್ಳೆಯ ಗತಿ ಒದಗಿತು: ಬಹುವಚನ. ‘ನಾಗರಿಕತೆ’ ಎಂದು ಏಕವಚನದಲ್ಲಿ ಹೇಳಿದಾಗ ಅದು ಕೆಲವರಿಗೆ ಇರುವ, ಉಳಿದವರಿಗೆ ಇಲ್ಲದ ಸರಕು. ‘ನಾಗರಿಕತೆಗಳು’ ಎಂದಾಗ ಅದು ಬಾಳುವೆಯ ಬಗೆಗಳು. ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ನಗರ ಜೀವನಕ್ಕೆ ಹತ್ತು ಲಕ್ಷಣಗಳನ್ನು ಪಟ್ಟಿ ಮಾಡಿದಾಗಲೂ ಅವು ನೆಲದಲ್ಲಿ ಹುಡುಕಿ ನೋಡಬಹುದಾದ ಸಂಗತಿಗಳಾಗಿದ್ದವು. ಅಂಥ ಪಟ್ಟಿಯನ್ನು ಅಂಕಪಟ್ಟಿ ಮಾಡಿಕೊಂಡಾಗ ಮಾತ್ರ ಕೆಡುಕು.

ಕರ್ನಾಟಕದ ನೆಲದಲ್ಲೇ ಈ ಪದದ ಮಿತಿ ಎದ್ದು ಕಾಣುವ ಜಾಗವಿದೆ. ಬಳ್ಳಾರಿ, ರಾಯಚೂರು, ಯಾದಗಿರಿಯ ಕಡೆ ಹೊಲಗಳ ನಡುವೆ ಬೂದಿಯ ದಿಬ್ಬಗಳಿವೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಲೋಹ ಕರಗಿಸಿದ ಕಿಟ್ಟ ಇರಬೇಕು ಎಂದವರೂ ಇದ್ದರು. ದನಗಳ ಸಗಣಿ ಸುಟ್ಟು ಆದದ್ದು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಊಹಿಸಿದರು. 1960ರಲ್ಲಿ ವಿಜ್ಞಾನಿ ಜೂನರ್ ಪ್ರಯೋಗಾಲಯದ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿದರು. ಗಡಿಯಾಚೆ ತೆಲಂಗಾಣದ ಉಟ್ನೂರಿನಲ್ಲಿ ಅಗೆದ ಪುರಾತತ್ತ್ವಜ್ಞ ಆಲ್ಚಿನ್ನರಿಗೆ ಹಳೆಯ ದೊಡ್ಡಿಯ ನೆಲದಲ್ಲಿ ದನದ ಗೊರಸಿನ ಗುರುತೇ ಸಿಕ್ಕಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ದೊಡ್ಡಿ, ತಿಪ್ಪೆ, ಜನವಸತಿ ಎಲ್ಲವನ್ನೂ ಬಿಡಿಸಿ ತೋರಿಸಿದರು.

ಅತ್ತ ಮೊಹೆಂಜೊದಾರೊದಲ್ಲಿ ಇಟ್ಟಿಗೆಯ ಕೊಳ ಕಟ್ಟುತ್ತಿದ್ದ ಕಾಲದಲ್ಲಿ ಇತ್ತ ಈ ಜನ ದನ ಕಾಯುತ್ತಿದ್ದರು, ಕಲ್ಲುಕೊಡಲಿ ಮಸೆಯುತ್ತಿದ್ದರು, ಬಂಡೆಗಳ ಮೇಲೆ ಹೋರಿಗಳನ್ನು ಕೆತ್ತುತ್ತಿದ್ದರು. ಹುರುಳಿ, ಹೆಸರು, ಕೊರಲೆ ಅವರ ಊಟದಲ್ಲಿತ್ತು. ನಗರ ಕಟ್ಟಲಿಲ್ಲವಾದ್ದರಿಂದ ಅವರಿಗೆ ‘ನಾಗರಿಕತೆ’ಯ ಪಟ್ಟ ಸಿಕ್ಕಿಲ್ಲ. ಅವರನ್ನು ಸಗಣಿ ಸುಟ್ಟ ಕಾಡುಜನ ಎನ್ನುವುದೂ ತಪ್ಪು, ಪಟ್ಟ ಕೊಡಿಸಲೆಂದು ಇಲ್ಲದ ವೈಭವ ಹೊರಿಸುವುದೂ ತಪ್ಪು. ಕುಡತಿನಿಯ ಬೂದಿದಿಬ್ಬ ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಬದಿಯಲ್ಲೇ ಇದೆ. ಹಂಪಿಗೆ ಹೊರಟವರು ಅಲ್ಲಿ ಅರ್ಧ ಗಂಟೆ ಗಾಡಿ ನಿಲ್ಲಿಸಲಿ, ಮಕ್ಕಳಿಗೆ ಆ ದಿಬ್ಬ ತೋರಿಸಲಿ, ದಾರಿಗೆ, ಗೊಬ್ಬರಕ್ಕೆ ಅದರ ಬೂದಿ ಸಾಗಿಸುವುದನ್ನು ಕಂಡರೆ ಬೇಡವೆನ್ನಲಿ.