ಹೆದರಿಕೆಯೂ ಒಂದು ಲಕ್ಷಣವೇ

ಕಳೆದ ತಿಂಗಳು ಕೆನ್ನೆಯ ಮೇಲಿನ ನರುಳ್ಳೆಯೊಂದನ್ನು ತೆಗೆಸಲು ಚರ್ಮವೈದ್ಯರಲ್ಲಿಗೆ ಹೋಗಿದ್ದೆ. ಹತ್ತು ನಿಮಿಷದ ಕೆಲಸ. ಆದರೂ ಕೈ ನಡುಗುತ್ತಿತ್ತು. ದಾದಿಯು ಬೆರಳಿಗೆ ಪುಟ್ಟ ಕ್ಲಿಪ್ಪೊಂದನ್ನು ಸಿಕ್ಕಿಸಿ, ಊರು-ಕೇರಿಯ ಮಾತಿಗಿಳಿದರು. ಆಗ ನೆನಪಾದವಳು ಹ್ಯಾನಾ ಗ್ರೀನರ್.

1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ವಿನ್ಲೇಟನ್‌ನಲ್ಲಿ ಈ 15 ವರ್ಷದ ಬಾಲೆಯ ಕಾಲ್ಬೆರಳ ಉಗುರನ್ನು ತೆಗೆಯಬೇಕಾಗಿತ್ತು. ಆಕೆ ಬಹಳ ಹೆದರಿದ್ದಳು. ಕ್ಲೋರೋಫಾರಂ ಮೂಸಿಸಿದ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಯಿತು. ಕಾರಣವೇನೆಂಬ ವಿವಾದ ದಶಕಗಳ ಕಾಲ ನಡೆಯಿತು. ನಿಜಾಮರ ನೆರವಿನಿಂದ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಪ್ರಯೋಗಗಳನ್ನು ನಡೆಸಿದ ಎಡ್ವರ್ಡ್ ಲಾರಿಯವರು, ಉಸಿರಾಟವನ್ನು ಗಮನಿಸಿದರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲವೆಂದರು. 1911ರಲ್ಲಿ ಗುಡ್‌ಮನ್ ಲೆವಿಯವರು ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಬೇರೆಯದನ್ನೇ ತೋರಿಸಿದರು: ಕ್ಲೋರೋಫಾರಂನ ಅರೆಮತ್ತಿನಲ್ಲಿರುವಾಗ ಅಡ್ರಿನಲಿನ್ ರಕ್ತಕ್ಕೆ ಸೇರಿದರೆ ಹೃದಯ ಲಯತಪ್ಪಿ ನಿಂತುಹೋಗಬಲ್ಲದು. ಭಯಗೊಂಡ ದೇಹ ತಾನಾಗಿ ಸುರಿಸುವುದೂ ಅದೇ ಅಡ್ರಿನಲಿನ್!

1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೋಕೇನನ್ನು ತಯಾರಿಸಿದರು. ಸಣ್ಣ ಕೆಲಸಕ್ಕೆ ಇಡೀ ದೇಹವನ್ನು ಮತ್ತಿಗೆ ದೂಡುವ ಅಗತ್ಯ ಇನ್ನಷ್ಟು ಕಡಿಮೆಯಾಯಿತು. ರಕ್ತದ ಆಮ್ಲಜನಕವನ್ನೂ ನಾಡಿಯನ್ನೂ ಹೇಳುವ ನನ್ನ ಬೆರಳಿನ ಕ್ಲಿಪ್ಪಿನ ತತ್ತ್ವವನ್ನು 1974ರಲ್ಲಿ ಪ್ರಕಟಿಸಿದವರು ಜಪಾನಿನ ತಕುಓ ಅಓಯಾಗಿ. ಆದರೆ ದಾದಿಯ ಆ ಮಾತುಕತೆ ಯಂತ್ರಕ್ಕಿಂತ ಕಡಿಮೆಯದೇನಲ್ಲ. ಉತ್ತರ ತಡವಾದರೆ ಅವರಿಗೆ ತಿಳಿಯುತ್ತಿತ್ತು, ಉತ್ತರಿಸುತ್ತ ನನ್ನ ನಡುಕವೂ ಇಳಿಯಿತು.

ಶಾಲೆಯಲ್ಲಿ ಸೂಜಿಮದ್ದಿನ ದಿನ ಅಳುತ್ತಿದ್ದ ನಿಮ್ಮಲ್ಲಿ ಕೆಲವರನ್ನು ನಾನು ಗದರಿಸಿದ್ದುಂಟು. ಅದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ. ಹೆದರಿಕೆಯಾದರೆ ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ.