ಹಂಚಿನ ಅಂಚು ಸವರಿದ ಕೈಗಳು

ಮಂಗಳೂರು ಹಂಚಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನೇತ್ರಾವತಿಯ ಮಣ್ಣಿನಿಂದ ಆರಂಭಿಸುತ್ತಾರೆ. ಮಂಗಳೂರಿನ ಜೆಪ್ಪುವಿನ ನಮ್ಮಂಥ ಪ್ರೊಟೆಸ್ಟೆಂಟ್ ಕುಟುಂಬಗಳಿಗೆ ಆ ಕಥೆ ಹೊಟ್ಟೆಪಾಡಿನಿಂದ ಆರಂಭವಾಗುತ್ತದೆ. ನನ್ನ ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಅವರ ತಾಯಿಯೂ ಅಲ್ಲೇ ದುಡಿದವರು. ಸಭಾಪಾಲಕರ ಪ್ರಸಂಗಗಳು ನನಗೆ ಅರ್ಥವಾಗುವ ವಯಸ್ಸಿಗೆ ಮುಂಚೆಯೇ ಅಜ್ಜಿ ಕೆಲಸ ಮಾಡುವ ರೀತಿ ನೋಡಿ ವಿಶ್ವಾಸ ಎಂದರೇನೆಂದು ತಿಳಿದುಕೊಂಡಿದ್ದೆ. ದಿನಗೂಲಿಯ ಸಣ್ಣ ಕೆಲಸವೊಂದು ನಮ್ಮ ಸಭೆಯಲ್ಲಿ ಆರಾಧನೆಯ ಮಟ್ಟಕ್ಕೆ ಏರಿದ್ದು ಹೇಗೆ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ಕೆಲಸ ಮಾಡಲು ಅವಕಾಶವಾದದ್ದು ಅದರ ಹಿಂದಿನ ವರ್ಷದ ಕಾಯ್ದೆಯಿಂದ. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮೊದಲು ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು, 1843ರಲ್ಲಿ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಂತು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾಯಿತು. ಇದೆಲ್ಲ ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ್ದು, ದೀಕ್ಷಾಸ್ನಾನ ಪಡೆದ ಬಡವರು ಮಾರನೆಯ ದಿನ ಏನು ತಿಂದರು ಎಂಬುದು.

ನಮ್ಮ ಜಿಲ್ಲೆಯಲ್ಲಿ ಆಗ ಕ್ರೈಸ್ತರಾದವರಲ್ಲಿ ಬಿಲ್ಲವರೇ ಹೆಚ್ಚು. ಅವರಲ್ಲಿ ಹಲವರ ಕಸುಬು ಶೇಂದಿ ಇಳಿಸುವುದು. ಶೇಂದಿಯ ಕೆಲಸ ಕ್ರೈಸ್ತರಿಗೆ ಸಲ್ಲದು ಎಂದು ಮಿಶನ್ ಕಟ್ಟುನಿಟ್ಟು ಮಾಡಿತು. ಕಸುಬು ಹೋಯಿತು. ಅಳಿಯಸಂತಾನದ ಕೂಡುಕುಟುಂಬದಿಂದ ಹೊರಬಿದ್ದವನಿಗೆ ಮನೆಯೂ ಹೋಯಿತು. ಮತ ಬದಲಿಸಿದವರ ಆಸ್ತಿಹಕ್ಕು ಕಾಯುವ ಕಾನೂನು 1850ರಲ್ಲಿ ಬಂತು ನಿಜ, ಆದರೆ ಕಾನೂನು ಪುಸ್ತಕ ಹಿಡಿದುಕೊಂಡು ಅಂಗಳಕ್ಕೆ ಹೋಗಿ ನಿಂತರೆ ಬಾಗಿಲು ತೆರೆಯುವವರಾರು? ನೀರಿನ ಬಾವಿ, ಗೇಣಿಯ ಗದ್ದೆ, ಮದುವೆಯ ಸಂಬಂಧ ಎಲ್ಲವೂ ಒಂದೇ ಹಗ್ಗಕ್ಕೆ ಕಟ್ಟಿದ್ದ ಸಮಾಜದಲ್ಲಿ ಹಗ್ಗ ಕಡಿದುಕೊಂಡವರು ಇವರು.

ಹೀಗೆ ಬಂದವರಿಗೆ ದಾನ ಕೊಟ್ಟು ಸಾಕುವುದು ಮಿಶನ್‌ಗೆ ಒಪ್ಪಿಗೆಯಾಗಲಿಲ್ಲ. ಬಂದ ಮಿಶನರಿಗಳಲ್ಲಿ ವಿದ್ವಾಂಸರೂ ಇದ್ದರು, ಕೈಕಸುಬು ಕಲಿತವರೂ ಇದ್ದರು. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತ, ನೇಕಾರ, ಬಡಗಿಗಳ ಮನೆಗಳಲ್ಲಿ ಬೆಳೆದ ಭಕ್ತಿಪಂಥವೊಂದು ಅವರನ್ನು ರೂಪಿಸಿತ್ತು. ಪ್ರಾರ್ಥನೆಯಷ್ಟೇ ದುಡಿಮೆಯೂ ದೇವರಿಗೆ ಸಲ್ಲುವ ಸೇವೆ ಎಂಬುದು ಅವರ ನಂಬಿಕೆ. ಬೇಸಾಯ, ಬಡಗಿ ಕೆಲಸ, ಪುಸ್ತಕ ಕಟ್ಟುವುದು, ಗಡಿಯಾರದ ಕೆಲಸ ಎಲ್ಲವನ್ನೂ ಪ್ರಯತ್ನಿಸಿ ನೋಡಿದರು. ಹಲವು ಕೈಗೂಡಲಿಲ್ಲ. 1851ರಲ್ಲಿ ಹಾಲರ್ ಎಂಬ ನೇಯ್ಗೆ ಬಲ್ಲವರು ಬಂದ ಮೇಲೆ ಮಗ್ಗ ನೆಲೆನಿಂತಿತು, ಮಿಶನ್‌ನ ಖಾಕಿ ಬಟ್ಟೆ ಹೆಸರಾಯಿತು. ಆದರೆ ನೂರಾರು ಕುಟುಂಬಗಳಿಗೆ ಅನ್ನ ಕೊಟ್ಟದ್ದು ಹಂಚು.

ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್. ಅಚ್ಚುಕೂಟದ ಯಂತ್ರ ನೋಡಿಕೊಳ್ಳಲು ಬಂದವರು ನೇತ್ರಾವತಿ, ಗುರುಪುರ ನದಿಗಳ ದಡದ ಗದ್ದೆಮಣ್ಣನ್ನು ಸುಟ್ಟು ಪರೀಕ್ಷಿಸಿದರು. ಒಂದರೊಳಗೊಂದು ಕಚ್ಚಿಕೊಳ್ಳುವ ಹಂಚನ್ನು ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸೋದರರು 1841ರಲ್ಲೇ ರೂಪಿಸಿದ್ದರು. ಆ ಬಗೆಯ ಹಂಚನ್ನು ಇಲ್ಲಿನ ಮಣ್ಣಿನಲ್ಲಿ ತೆಗೆಯಲು 1865ರಲ್ಲಿ ಜೆಪ್ಪುವಿನ ನದೀತೀರದಲ್ಲಿ ಕಾರ್ಖಾನೆ ಶುರುವಾಯಿತು. ಹನ್ನೆರಡು ಕೆಲಸಗಾರರು, ಮಣ್ಣು ಅರೆಯಲು ಎತ್ತುಗಳು, ದಿನಕ್ಕೆ 560 ಹಂಚು. ಹಬೆಯಂತ್ರ ಬಂದದ್ದು ವರ್ಷಗಳ ನಂತರ. 1868ರಲ್ಲಿ ಊರಿನ ಕೆಥೊಲಿಕ್ ಉದ್ಯಮಿ ಅಲ್ಬುಕರ್ಕ್ ಅವರೂ ಕಾರ್ಖಾನೆ ತೆರೆದರು. ಮಿಶನ್‌ನದು ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡುಗಳಿಗೂ ಹಬ್ಬಿತು. ಮುಳಿಹುಲ್ಲಿನ ಮಾಡು ಹೊದ್ದಿದ್ದ ಕರಾವಳಿ ಕೆಂಪು ಹಂಚಿನ ಊರಾಯಿತು. ಬರ್ಮಾ, ಸಿಲೋನು, ಏಡನ್, ಪೂರ್ವ ಆಫ್ರಿಕದವರೆಗೆ ಹಂಚು ಹಡಗು ಹತ್ತಿತು.

ಹಂಚಾಗುವ ಮಣ್ಣು ಕಾರ್ಖಾನೆಗೆ ಬರುತ್ತಿದ್ದುದು ದೋಣಿಯಲ್ಲಿ. ಮಳೆ ಬಿಟ್ಟ ಮೇಲೆ ಅಗೆದ ಆವೆಮಣ್ಣನ್ನು ರಾಶಿ ಹಾಕಿ ಹದಕ್ಕೆ ಬಿಡಬೇಕು. ಕಲ್ಲು, ಬೇರು ಆರಿಸಿ, ನೀರು ಬೆರೆಸಿ, ಯಂತ್ರಕ್ಕೆ ಹಾಕಿ ನಾದಿದರೆ ಉದ್ದನೆಯ ಹಲ್ಲೆಯಾಗಿ ಹೊರಬರುತ್ತದೆ. ಆ ಹಲ್ಲೆಗೆ ಎಣ್ಣೆ ಸವರಿ ಕಬ್ಬಿಣದ ಅಚ್ಚಿನಲ್ಲಿಟ್ಟು ತಿರುಪಿನ ಪ್ರೆಸ್ಸನ್ನು ಒತ್ತಿದರೆ ಹಸಿ ಹಂಚು ತಯಾರು. ಒತ್ತಿದಾಗ ನಾಲ್ಕೂ ಬದಿಗೆ ಮಣ್ಣು ಉಕ್ಕಿ ನಿಲ್ಲುತ್ತದಲ್ಲ, ಅದನ್ನು ಕೊಯ್ದು ತೆಗೆಯುವುದು ನನ್ನ ಅಜ್ಜಿಯ ಕೆಲಸ.

ಹೇಳಲು ಒಂದೇ ವಾಕ್ಯದ ಕೆಲಸ. ಹಲಗೆಯ ಮೇಲೆ ಹಂಚು ಬರುತ್ತದೆ. ಎಡಗೈಯಲ್ಲಿ ಹಲಗೆ ತಿರುಗಿಸುತ್ತ ಬಲಗೈಯಲ್ಲಿ ಅಂಚು ಕೊಯ್ಯಬೇಕು. ಒದ್ದೆ ಬಟ್ಟೆಯಿಂದ ಒಮ್ಮೆ ಸವರಬೇಕು. ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಮೊಳೆಯಂಥ ಗಟ್ಟಿಭಾಗ ಮುರಿದಿಲ್ಲವೇ ಎಂದು ಬೆರಳಾಡಿಸಿ ನೋಡಬೇಕು. ಚಪ್ಪರದೊಳಗಿನ ಅಟ್ಟಣಿಗೆಯಲ್ಲಿ ನೆರಳಿಗೆ ಒಣಗಲು ಇಡಬೇಕು. ಅಷ್ಟರಲ್ಲಿ ಮುಂದಿನ ಹಂಚು ಬಂದಿರುತ್ತದೆ. ಭಟ್ಟಿಯಿಂದ ಸುಟ್ಟು ಬಂದ ಹಂಚನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡುವವರು ಬೇರೆ ಇದ್ದರು. ಕಣಕಣ ಎಂದರೆ ಒಂದನೇ ದರ್ಜೆ, ಮಂಕಾಗಿ ಸದ್ದು ಕೊಟ್ಟರೆ ಒಡಕಿದೆ ಎಂದರ್ಥ. ಆದರೆ ಅಂಚಿನ ತಪ್ಪು ತಟ್ಟಿದರೆ ಕೇಳಿಸುವುದಿಲ್ಲ. ಗೋಧಿ ಕಾಳಿನಷ್ಟು ಮಣ್ಣು ಅಂಚಿನ ತೋಡಿನಲ್ಲಿ ಉಳಿದು ಸುಟ್ಟು ಗಟ್ಟಿಯಾದರೂ ಪಕ್ಕದ ಹಂಚು ಸರಿಯಾಗಿ ಕೂರುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಮಳೆಗಾಲದ ಆಟಿ ತಿಂಗಳಲ್ಲಿ ಗಾಳಿ ನೀರನ್ನು ಆ ಸಂದಿಗೆ ನುಗ್ಗಿಸಿ ಯಾರದೋ ಮನೆಯ ಹಾಸಿಗೆ ತೋಯಿಸುತ್ತದೆ.

“ಯಾರ ಮನೆ ಮೇಲೆ ಕೂರುತ್ತದೋ ನನಗೆ ಗೊತ್ತಿಲ್ಲ ಮಗಾ, ಕರ್ತನಿಗೆ ಗೊತ್ತುಂಟು. ಆ ಮನೆ ಸೋರಬಾರದು” ಎನ್ನುತ್ತಿದ್ದರು ಅಜ್ಜಿ. ಒಂದೊಂದು ಹಂಚು ಸವರುವಾಗಲೂ ಆ ಕಾಣದ ಮನೆಗಾಗಿ ಮನಸ್ಸಿನಲ್ಲೇ ಬೇಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ದೊಡ್ಡ ಪ್ರಾರ್ಥನೆ ಮಾಡಲು ಪುರುಸೊತ್ತಿಲ್ಲ, ಆದ್ದರಿಂದ ಚಿಕ್ಕ ಪ್ರಾರ್ಥನೆ. ಅದರಲ್ಲಿ ಕ್ರೈಸ್ತರ ಮನೆ, ಹಿಂದೂಗಳ ಮನೆ, ಬ್ಯಾರಿಗಳ ಮನೆ ಎಂಬ ಭೇದವಿರಲು ಸಾಧ್ಯವೇ ಇರಲಿಲ್ಲ.

ಮಿಶನ್‌ನ ಕಾಲದಲ್ಲಿ ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು, ಭಾನುವಾರ ಕೆಲಸವಿರಲಿಲ್ಲ. ದುಡಿಮೆಯನ್ನೇ ಆರಾಧನೆಯಾಗಿ ಕಾಣುವ ಈ ನಂಬಿಕೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮದಲ್ಲಿ ಉಗ್ರಾಣದ ಪಾತ್ರೆಪಗಡಿಗಳನ್ನೂ ಬಲಿಪೀಠದ ಪಾತ್ರೆಗಳೆಂದೇ ತಿಳಿಯಬೇಕೆಂದು ವಿಧಿಸಿದ. 16ನೇ ಶತಮಾನದಲ್ಲಿ ಲೂಥರ್ ಆ ಮಾತನ್ನು ಮಠದ ಗೋಡೆಯಿಂದ ಹೊರತಂದು, ಸನ್ಯಾಸಿಯಂತೆಯೇ ಮನೆಗೆಲಸದವಳಿಗೂ ದೇವರ ಕರೆ ಇದೆ ಎಂದು ಸಾರಿದ. 17ನೇ ಶತಮಾನದ ಪ್ಯಾರಿಸ್‌ನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲೈಟ್ ಸೋದರ ಮಠದ ಅಡುಗೆಮನೆಯ ಗದ್ದಲದಲ್ಲೇ ದೇವರ ಸಾನ್ನಿಧ್ಯ ಕಂಡ. ನನ್ನ ಅಜ್ಜಿ ಈ ಹೆಸರುಗಳನ್ನು ಕೇಳಿದವರಲ್ಲ. ಯೇಸು ಬಡಗಿ, ಪೌಲ ಗುಡಾರ ಹೊಲಿದವನು ಎಂಬುದು ಗೊತ್ತಿತ್ತು. ಅವರಿಗೆ ಅಷ್ಟು ಸಾಕಾಗಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಕಾರ್ಖಾನೆ ಕ್ರೈಸ್ತರದ್ದೆಂದ ಮಾತ್ರಕ್ಕೆ ಅಲ್ಲಿನ ಬದುಕು ಸುಲಭವಾಗಿರಲಿಲ್ಲ. ಗಂಟೆ ಹೊಡೆದರೆ ಹಾಜರಿರಬೇಕಾದ ಶಿಸ್ತು, ಸಂಬಳ ಕೊಡುವವರೂ ಸಭೆಯ ನಡತೆ ವಿಚಾರಿಸುವವರೂ ಒಂದೇ ಮಿಶನ್‌ನವರಾದ್ದರಿಂದ ತಲೆಯೆತ್ತಿ ಮಾತಾಡಲು ಅಳುಕು. ಸುವಾರ್ತೆ ಸಾರಲು ಬಂದವರು ಲಾಭದ ಉದ್ಯಮ ನಡೆಸಬಹುದೇ ಎಂಬ ವಾದ ಮಿಶನ್‌ನ ಒಳಗೇ ನಡೆದಿತ್ತು. ಹೆಂಗಸರ ಕೂಲಿ ಗಂಡಸರಿಗಿಂತ ಕಡಿಮೆ ಎಂಬುದು ಆ ಕಾಲದ ಎಲ್ಲ ಕಾರ್ಖಾನೆಗಳ ರೂಢಿ. ಬಡವರಿಗೆ ತೃಪ್ತಿಯ ಪಾಠ ಹೇಳಿ ಕೂಲಿ ಹಿಡಿದಿಡುವವರ ಬಗ್ಗೆ ಸತ್ಯವೇದಕ್ಕೆ ಕನಿಕರವಿಲ್ಲ. ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ದೇವರಿಗೆ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ಆದ್ದರಿಂದ ಸಣ್ಣ ಕೆಲಸದ ಸಂತೃಪ್ತಿಯ ಬಗ್ಗೆ ಮಾತನಾಡುವ ಹಕ್ಕು ಆ ಕೆಲಸ ಮಾಡಿದವರಿಗೆ ಮೊದಲು ಸೇರುತ್ತದೆ, ಮಾಡಿಸಿದವರಿಗೆ ಆಮೇಲೆ.

ಮಾಡಿದವರು ಏನು ಹೇಳಿದರು? ನನ್ನ ಅಜ್ಜಿ ಕೂಲಿ ಹೆಚ್ಚಬೇಕೆಂದು ಉಳಿದ ಹೆಂಗಸರೊಂದಿಗೆ ಸೇರಿ ಕೇಳಿದವರೇ. ಕೇಳಿದ ದಿನವೂ ಅಂಚನ್ನು ಅಷ್ಟೇ ಚೊಕ್ಕಟವಾಗಿ ಕೊಯ್ದವರು. ಎರಡಕ್ಕೂ ಅವರಲ್ಲಿ ಜಗಳವಿರಲಿಲ್ಲ. ಸಂಜೆ ಮನೆಗೆ ಬಂದು ಕೈ ತೊಳೆದು, ಕುಚ್ಚಲಕ್ಕಿ ಗಂಜಿ ಬಸಿದು, ಮಕ್ಕಳಿಗೆ ಬಡಿಸಿ, ಬೂದಿ ಹಚ್ಚಿ ಪಾತ್ರೆ ತಿಕ್ಕುವಾಗ ಅವರ ಬಾಯಲ್ಲಿ ತುಳು ಕೀರ್ತನೆ ಇರುತ್ತಿತ್ತು. ಪಾತ್ರೆಯ ಹೊರಮೈಯನ್ನೂ ಒಳಮೈಯಷ್ಟೇ ಉಜ್ಜುವರು. ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರಲು ಕಲಿತೆನೆಂದು ಪೌಲನು ಬರೆದದ್ದು ಸೆರೆಯಲ್ಲಿದ್ದಾಗ. ಅಂದರೆ ಸಂತೃಪ್ತಿ ಹುಟ್ಟಿನಿಂದ ಬರುವುದಲ್ಲ, ದಿನದಿನವೂ ಅಭ್ಯಾಸದಿಂದ ಬರುವುದು. ಅಜ್ಜಿ ಅದನ್ನು ಹಸಿಮಣ್ಣಿನ ಮೇಲೆ ಕಲಿತರು.

ಆ ಉದ್ಯಮ ಬಹಳ ಏರಿಳಿತ ಕಂಡಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಶನರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು. ಯುದ್ಧದ ಪರಿಣಾಮವಾಗಿ ಕಾರ್ಖಾನೆಗಳು ಮಿಶನ್‌ನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಸೇರಿದವು. ಒಡೆತನ ಬದಲಾಯಿತು, ಒತ್ತುವ ಅಚ್ಚಿನ ಮೇಲಿನ ಹೆಸರು ಬದಲಾಯಿತು. ಅಂಚು ಕೊಯ್ಯುವ ಕೈಗಳು ಅವೇ ಇದ್ದವು. ಮುಂದೆ ಕಾಂಕ್ರೀಟು ತಾರಸಿ ಬಂತು, ಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ತುಟ್ಟಿಯಾಯಿತು. ಒಂದೊಂದಾಗಿ ಹೊಗೆಗೊಳವೆಗಳು ತಣ್ಣಗಾದವು. ಜೆಪ್ಪು, ಕುದ್ರೋಳಿಗಳ ಕಾರ್ಖಾನೆಯ ಜಾಗಗಳಲ್ಲಿ ಬೇರೆ ಕಟ್ಟಡಗಳು ಎದ್ದಿವೆ.

ನಮ್ಮ ಸಭೆಗಳು ಶತಮಾನೋತ್ಸವಗಳಿಗೆ ಸ್ಮರಣಸಂಚಿಕೆ ತರುತ್ತವೆ. ಮಿಶನರಿಗಳ ಭಾವಚಿತ್ರ, ಸಭಾಪಾಲಕರ ಪಟ್ಟಿ, ಕಟ್ಟಡಕ್ಕೆ ಹಣ ಕೊಟ್ಟವರ ಹೆಸರು ಎಲ್ಲವೂ ಅಚ್ಚಾಗಿರುತ್ತವೆ. ಹೆಬಿಕ್, ಪ್ಲೆಬ್ಸ್ಟ್ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ದುಡಿಮೆಯೂ ಪ್ರಾರ್ಥನೆಯೂ ಒಂದೇ ಎಂಬ ಮಾತನ್ನು ಅವರು ಹೊತ್ತು ತಂದರು. ಅದನ್ನು ದಿನವಿಡೀ ನಿಂತ ಕಾಲಲ್ಲಿ, ಬಿರಿದ ಬೆರಳಲ್ಲಿ ನಿಜ ಮಾಡಿ ತೋರಿಸಿದವರು ನಮ್ಮ ಅಜ್ಜಿಯರು. ಅವರ ಹೆಸರು ಯಾವ ಸಂಚಿಕೆಯಲ್ಲೂ ನನಗೆ ಸಿಕ್ಕಿಲ್ಲ.

ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತ, ಅಂಚು ಸವರಿದ, ಭಟ್ಟಿಗೆ ಸೌದೆ ಒಟ್ಟಿದ ಹಿರಿಯರು ಮಂಗಳೂರು, ಮಲ್ಪೆಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ವಾರವೇ ಕೂತು ಕೇಳಿ. ಯಾವ ವಿಭಾಗದಲ್ಲಿ ದುಡಿದರು, ಕೂಲಿ ಎಷ್ಟಿತ್ತು, ಕೆಲಸದ ನಡುವೆ ಏನು ಹಾಡಿದರು, ಏನು ಬೇಡಿಕೊಂಡರು ಎಂದು ಬರೆದುಕೊಳ್ಳಿ. ಮಿಶನ್‌ನ ಹಳೆಯ ಕಾಗದಪತ್ರಗಳನ್ನು ಕಾಪಾಡಿಟ್ಟಿರುವ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿಗೆ ಅದರ ಒಂದು ಪ್ರತಿ ಕೊಡಿ. ನಮ್ಮ ಸಭೆಯ ಮುಂದಿನ ಸಂಚಿಕೆಯಲ್ಲಿ ಆ ಹೆಸರುಗಳೂ ಅಚ್ಚಾಗಬೇಕು.