ಕೋಳಿಯ ಮೇವಿಗೆ ಎಣ್ಣೆ ಬಂದ ಬಗೆ

ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಕಡೆ ನೆಂಟರು ಬಂದ ದಿನ ಕಡುಬು, ಕೋಳಿಸಾರು ಆಗಲೇಬೇಕೆಂಬುದು ಮಾಂಸಾಹಾರಿ ಮನೆಗಳ ಹಳೆಯ ಪದ್ಧತಿ. ಒಂದು ಕಾಲಕ್ಕೆ ಆ ಕೋಳಿ ಮನೆಯ ಹಿತ್ತಲಿನಲ್ಲೇ ಓಡಾಡಿಕೊಂಡಿರುತ್ತಿತ್ತು. ಈಗ ಹೆಚ್ಚಿನ ಮನೆಗಳಿಗೆ ಅದು ಪೇಟೆಯ ಅಂಗಡಿಯಿಂದ ಬರುತ್ತದೆ. ಬಿಳಿ ಪುಕ್ಕದ ಈ ಬ್ರಾಯ್ಲರ್ ಆರು ವಾರ ತುಂಬುವಷ್ಟರಲ್ಲಿ ಎರಡು ಕಿಲೊ ದಾಟಿರುತ್ತದೆ. ಹಿತ್ತಲಿನ ಹುಂಜ ಸಾರಿಗೆ ಬರಬೇಕಾದರೆ ಆರೇಳು ತಿಂಗಳು ಕಾಯಬೇಕು. ಈ ಅಂತರವನ್ನು ಕಂಡವರು 'ಅದು ಇಂಜೆಕ್ಷನ್ ಕೋಳಿ' ಎಂದು ಮಾತು ಮುಗಿಸಿಬಿಡುವುದುಂಟು.

ಈ ಗುಮಾನಿ ಸಂಪೂರ್ಣ ಆಧಾರವಿಲ್ಲದ್ದೇನೂ ಅಲ್ಲ. ಅಮೆರಿಕದಲ್ಲಿ 1947ರಿಂದ ಹುಂಜಗಳ ಕತ್ತಿನ ಚರ್ಮದಡಿ ಡಿಇಎಸ್ ಎಂಬ ಕೃತಕ ಹಾರ್ಮೋನಿನ ಗುಳಿಗೆ ಇರಿಸುವುದಕ್ಕೆ ಅನುಮತಿ ಇತ್ತು. ಮಾಂಸದಲ್ಲಿ ಅದರ ಅಂಶ ಉಳಿಯುತ್ತದೆಂದು ತಿಳಿದ ಮೇಲೆ 1959ರಲ್ಲಿ ಆ ಪದ್ಧತಿಯನ್ನು ಅಲ್ಲಿ ನಿಲ್ಲಿಸಲಾಯಿತು. ಇಂದಿನ ಬ್ರಾಯ್ಲರ್ ಬೆಳೆಯುವುದಕ್ಕೆ ಹಾರ್ಮೋನಿನ ಅಗತ್ಯವೇ ಇಲ್ಲ. ಅದರ ಬೆಳವಣಿಗೆಯ ಗುಟ್ಟು ಇರುವುದು ತಳಿಯಲ್ಲಿ ಮತ್ತು ಮೇವಿನ ಚೀಲದಲ್ಲಿ. ಆ ಚೀಲದೊಳಗೆ ಜೋಳ, ಸೋಯಾ ಹಿಂಡಿಯ ಜತೆಗೆ ಕಣ್ಣಿಗೆ ಕಾಣದಂತೆ ಬೆರೆತಿರುವ ವಸ್ತು ಸಸ್ಯಜನ್ಯ ಎಣ್ಣೆ. ಅದು ಅಲ್ಲಿಗೆ ಬಂದ ದಾರಿ ಸ್ವಾರಸ್ಯಕರವಾದುದು.

ತೌಡಿನ ಕಾಲ

ಕೋಳಿಗೆ ಎಣ್ಣೆ ತಿನ್ನಿಸುವುದು ಹೊಸದೆಂದು ತೋರಬಹುದು. ಆದರೆ ಮಲೆನಾಡಿನ ಗೃಹಿಣಿ ತಿಳಿದೋ ತಿಳಿಯದೆಯೋ ಆ ಕೆಲಸವನ್ನು ಹಿಂದಿನಿಂದಲೂ ಮಾಡುತ್ತಲೇ ಬಂದಿದ್ದಾಳೆ. ಗದ್ದೆಯ ಭತ್ತ ಕುಟ್ಟಿದಾಗ ಸಿಗುತ್ತಿದ್ದ ತೌಡನ್ನು ನೀರಿನಲ್ಲಿ ಕಲಸಿ ಕೋಳಿಗೆ ಇಡುವುದು ವಾಡಿಕೆ. ಹೊಟ್ಟು ಬೆರೆಯದ ಶುದ್ಧ ತೌಡಿನಲ್ಲಿ ಶೇ 15ರಿಂದ 20ರಷ್ಟು ಎಣ್ಣೆಯೇ ಇರುತ್ತದೆ. ಮರಿಗಳಿಗೆಂದು ಹುತ್ತದ ಹೆಂಟೆ ಒಡೆದು ತಂದು ಸುರಿಯುತ್ತಿದ್ದ ಗೆದ್ದಲಿನಲ್ಲೂ ಸಾರಜನಕದ ಜತೆಗೆ ಕೊಬ್ಬಿನಂಶ ಧಾರಾಳವಾಗಿತ್ತು. ತೌಡು ಎರಡು ದಿನ ಇಟ್ಟರೆ ಕಮಟುತ್ತದೆ, ಬೇಗ ಹಾಕಿ ಮುಗಿಸಬೇಕೆಂಬ ತಿಳಿವಳಿಕೆಯೂ ಮನೆಗಳಲ್ಲಿತ್ತು. ಭತ್ತ ಕುಟ್ಟಿದೊಡನೆ ತೌಡಿನೊಳಗಿನ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆಂದು ವಿಜ್ಞಾನ ಅದಕ್ಕೆ ವಿವರಣೆ ಕೊಟ್ಟಿದ್ದು ನಂತರದ ಮಾತು.

ಎಣ್ಣೆ ಬರೀ ಶಕ್ತಿಯ ಮೂಲವಲ್ಲ, ಅದರಲ್ಲಿ ಪ್ರಾಣಿಗಳಿಗೆ ಬೇಕೇ ಬೇಕಾದ ಅಂಶಗಳಿವೆ ಎಂಬುದು ಗೊತ್ತಾದದ್ದು 1929ರಲ್ಲಿ. ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಕೊಬ್ಬಿಲ್ಲದ ಆಹಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳ ಬೆಳವಣಿಗೆ ಕುಂಠಿತವಾಯಿತು, ಚರ್ಮ ಹೊಪ್ಪಳಿಸಿತು. ಸಸ್ಯದ ಎಣ್ಣೆಗಳಲ್ಲಿ ಹೇರಳವಾಗಿರುವ ಲಿನೋಲಿಯಿಕ್ ಆಮ್ಲದಿಂದ ಈ ಕೊರತೆ ನೀಗುತ್ತದೆಂದು ಅವರು ಮುಂದೆ ತೋರಿಸಿದರು. ಕೋಳಿಮರಿಗೂ ಈ ಆಮ್ಲ ಅತ್ಯಗತ್ಯ. ಬ್ರಾಯ್ಲರ್ ಮೇವಿನಲ್ಲಿ ಶೇ 1ರಷ್ಟಾದರೂ ಅದು ಇರಬೇಕೆಂಬುದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪ್ರಕಟಿಸಿದ ಲೆಕ್ಕ.

ಸಾಬೂನಿನಿಂದ ಮೇವಿಗೆ

ಮೇವಿಗೆ ಕೊಬ್ಬನ್ನು ಬೇರೆಯಾಗಿ ಸೇರಿಸುವ ರೂಢಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ. ಇದಕ್ಕೆ ಎರಡು ಕಾರಣಗಳು ಒಂದೇ ಹೊತ್ತಿಗೆ ಕೂಡಿಬಂದವು. ಮೊದಲನೆಯದು ತಳಿ. 1946ರಿಂದ 1948ರವರೆಗೆ ಅಮೆರಿಕದಲ್ಲಿ 'ನಾಳೆಯ ಕೋಳಿ' ಎಂಬ ಸ್ಪರ್ಧೆ ನಡೆದು, ಅಗಲ ಎದೆಯ, ಬೇಗ ಬೆಳೆಯುವ ತಳಿಗಳಿಗೆ ಬೇಡಿಕೆ ಹುಟ್ಟಿತು. ಎರಡನೆಯದು ಸಾಬೂನು. ಬಟ್ಟೆ ಒಗೆಯಲು ಕೃತಕ ಮಾರ್ಜಕದ ಪುಡಿ ಬಂದದ್ದೇ ತಡ, ಸಾಬೂನು ತಯಾರಿಕೆಗೆ ಹೋಗುತ್ತಿದ್ದ ಪ್ರಾಣಿಗಳ ಕೊಬ್ಬಿಗೆ ಗಿರಾಕಿ ಇಲ್ಲದಾಯಿತು. ಅಗ್ಗವಾಗಿ ಬಿದ್ದಿದ್ದ ಆ ಕೊಬ್ಬು 1950ರ ದಶಕದಲ್ಲಿ ಕೋಳಿಯ ಮೇವನ್ನು ಸೇರಿತು.

ಭಾರತದ ಮಟ್ಟಿಗೆ ಕಥೆ ಬೇರೆ. ಇಲ್ಲಿ ಪ್ರಾಣಿಜನ್ಯ ಕೊಬ್ಬು ಧಾರ್ಮಿಕ ಭಾವನೆಗೆ ತಾಗುವ ವಿಷಯ. ವನಸ್ಪತಿಯಲ್ಲಿ ದನದ ಕೊಬ್ಬು ಬೆರೆಸಿದ ಪ್ರಕರಣ 1983ರಲ್ಲಿ ದೇಶದಾದ್ಯಂತ ಕೋಲಾಹಲ ಎಬ್ಬಿಸಿತ್ತು. ಇಲ್ಲಿನ ಬ್ರಾಯ್ಲರ್ ಉದ್ಯಮ ಕ್ರಮೇಣ ತೌಡಿನೆಣ್ಣೆ, ಸೋಯಾ, ಸೂರ್ಯಕಾಂತಿ, ತಾಳೆ ಎಣ್ಣೆಗಳ ಕಡೆ ನೋಡಿತು.

ಕರ್ನಾಟಕ ಈ ಎರಡೂ ಧಾರೆಗಳಲ್ಲಿ ಮುಂದಿತ್ತು. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಭಾರತಕ್ಕೆ ತರಿಸಿದ ಸೂರ್ಯಕಾಂತಿ ತಳಿಗಳು ನಮ್ಮ ಬಯಲುಸೀಮೆಗೆ ಹೊಂದಿಕೊಂಡವು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಅನ್ನು ಬಿಡುಗಡೆ ಮಾಡಿತು. ಅತ್ತ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕೋಳಿ ವಿಜ್ಞಾನ ವಿಭಾಗ ಹಿತ್ತಲಿಗೆಂದೇ 'ಗಿರಿರಾಜ' ತಳಿಯನ್ನು ರೂಪಿಸಿತು. ಬಣ್ಣದ ಪುಕ್ಕದ ಈ ಕೋಳಿ ಅಡಿಗೆಮನೆಯ ಉಳಿಕೆ, ಹುಳುಹುಪ್ಪಟೆ, ಸೊಪ್ಪು ತಿಂದು ನಾಟಿಗಿಂತ ಬೇಗ ಬೆಳೆಯುತ್ತದೆ. ಅದಕ್ಕೆ ಎಣ್ಣೆ ಬೆರೆಸಿದ ಮೇವಿನ ಹಂಗಿಲ್ಲ. ಬ್ರಾಯ್ಲರ್‌ನ ದಾರಿ ಮಾತ್ರ ಬೇರೆಯೇ ಆಯಿತು.

ಎಣ್ಣೆ ಮಾಡುವ ಕೆಲಸ

ಬ್ರಾಯ್ಲರ್‌ಗೆ ಎಣ್ಣೆ ಏಕೆ ಬೇಕೆಂಬುದು ಸರಳ ಲೆಕ್ಕದಿಂದ ತಿಳಿಯುತ್ತದೆ. ಅದರ ಮೇವಿನ ಪ್ರತಿ ಕಿಲೊದಲ್ಲಿ ವಯಸ್ಸಿಗೆ ತಕ್ಕಂತೆ 3,000ದಿಂದ 3,200 ಕಿಲೊ ಕ್ಯಾಲರಿ ಶಕ್ತಿ ಇರಬೇಕು. ಮೆಕ್ಕೆಜೋಳದಲ್ಲಿ ಕಿಲೊಗೆ ಸುಮಾರು 3,350 ಇದೆ. ಸೋಯಾ ಹಿಂಡಿಯಲ್ಲಿ 2,250ರ ಆಸುಪಾಸು. ಸಾರಜನಕಕ್ಕಾಗಿ ಹಿಂಡಿ ಹಾಕಲೇಬೇಕು. 60 ಕಿಲೊ ಜೋಳ, 35 ಕಿಲೊ ಹಿಂಡಿ, ಉಳಿದ 5 ಕಿಲೊ ಖನಿಜ ಇತ್ಯಾದಿ ಬೆರೆಸಿದರೆ ಶಕ್ತಿ 2,800ರ ಹತ್ತಿರ ನಿಂತುಬಿಡುತ್ತದೆ. ಸಸ್ಯದ ಎಣ್ಣೆಯಲ್ಲಾದರೋ ಕಿಲೊಗೆ ಹೆಚ್ಚುಕಡಿಮೆ 8,800 ಕಿಲೊ ಕ್ಯಾಲರಿ! ಅಂದರೆ ಒಂದು ಕಿಲೊ ಎಣ್ಣೆ ಎರಡೂವರೆ ಕಿಲೊ ಜೋಳಕ್ಕೆ ಸಮ. ನೂರು ಕಿಲೊ ಮಿಶ್ರಣದಲ್ಲಿ ಮೂರು ಕಿಲೊ ಎಣ್ಣೆ ಸೇರಿದರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

ಎಣ್ಣೆಯಿಂದ ಬೇರೆ ಲಾಭಗಳೂ ಇವೆ. ಕರುಳಿನಲ್ಲಿ ಮೇವು ಸಾಗುವ ವೇಗ ಕಡಿಮೆಯಾಗಿ ಉಳಿದ ಆಹಾರವೂ ಚೆನ್ನಾಗಿ ಜೀರ್ಣವಾಗುತ್ತದೆ. ಮೇವಿನ ದೂಳು ಅಡಗುತ್ತದೆ. ಎಣ್ಣೆ ಜೀರ್ಣವಾಗುವಾಗ ಮೈಯಲ್ಲಿ ಹುಟ್ಟುವ ಶಾಖ ಕಡಿಮೆಯಾದ್ದರಿಂದ ಬೇಸಿಗೆಯಲ್ಲಿ ಹಕ್ಕಿಗೆ ಆಯಾಸವಿಲ್ಲ. ಇಷ್ಟಾದರೂ ಬೆಳವಣಿಗೆಯ ಕೀರ್ತಿಯೆಲ್ಲ ಎಣ್ಣೆಯದಲ್ಲ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ ಮತ್ತು 2005ರ ತಳಿಗೆ ಒಂದೇ ಮೇವು ಹಾಕಿ 56 ದಿನ ಸಾಕಿದರು. ಹಳೆಯದು ಸುಮಾರು 900 ಗ್ರಾಂ ತೂಗಿತು, ಹೊಸದು 4.2 ಕಿಲೊ! ಬೆಳವಣಿಗೆ ಹೆಚ್ಚಿದ್ದರಲ್ಲಿ ಶೇ 85ರಿಂದ 90 ತಳಿಯ ಪಾಲು, ಶೇ 10ರಿಂದ 15 ಮೇವಿನ ಪಾಲು ಎಂಬುದು ಇಂತಹುದೇ ಮತ್ತೊಂದು ಅಮೆರಿಕನ್ ಅಧ್ಯಯನದ ಅಂದಾಜು. ಓಡುವ ಕುದುರೆ ತಳಿಯಾದರೆ, ಅದಕ್ಕೆ ಹುರುಳಿ ಈ ಎಣ್ಣೆ.

ಎಲ್ಲ ಎಣ್ಣೆಯೂ ಒಂದೇ ಅಲ್ಲ. ಮರಿಗೆ ಮೊದಲ ಎರಡು ವಾರ ಪಿತ್ತರಸ ಸಾಲದು. ಆಗ ಸೋಯಾ, ಸೂರ್ಯಕಾಂತಿಯಂತಹ ತೆಳು ಎಣ್ಣೆ ಸುಲಭವಾಗಿ ಅರಗುತ್ತದೆ. ಅರ್ಧದಷ್ಟು ಗಟ್ಟಿ ಕೊಬ್ಬಿನಂಶವಿರುವ ತಾಳೆ ಎಣ್ಣೆ ಅಷ್ಟಾಗಿ ಅರಗದು. ಹಕ್ಕಿ ತಿಂದ ಎಣ್ಣೆಯ ಗುಣ ಅದರ ಮಾಂಸದ ಕೊಬ್ಬಿನಲ್ಲೂ ಕಾಣಿಸಿಕೊಳ್ಳುತ್ತದೆ. ತೆಳು ಎಣ್ಣೆ ಹೆಚ್ಚಾದರೆ ಕೊಬ್ಬು ಮೆತ್ತಗಾಗಿ ಮಾಂಸ ಬೇಗ ಕೆಡುತ್ತದೆ. ಅಗಸೆ ಎಣ್ಣೆ ಅತಿಯಾದರೆ ಕೋಳಿಸಾರಿನಲ್ಲಿ ಮೀನಿನ ವಾಸನೆ ಬಂದೀತು!

ಎಣ್ಣೆ ಕೆಟ್ಟರೆ

ಕಮಟಿದ ಎಣ್ಣೆ ಮೇವಿನಲ್ಲಿರುವ ಇ ಜೀವಸತ್ವವನ್ನು ನಾಶಮಾಡುತ್ತದೆ. ಆಗ ಮರಿಗಳ ಮೆದುಳು ಮೆತ್ತಗಾಗಿ, ಅವು ಕತ್ತು ತಿರುಚಿಕೊಂಡು ಬೀಳುತ್ತವೆ. ಇದಕ್ಕಿಂತ ಭೀಕರವಾದುದು ಕಲಬೆರಕೆ. 1957ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಮರಿಗಳು ಮೈಯಲ್ಲಿ ನೀರು ತುಂಬಿ ಸತ್ತವು. ಮೇವಿಗೆ ಬೆರೆಸಿದ್ದ ಕೊಬ್ಬಿನಲ್ಲಿ ಡಯಾಕ್ಸಿನ್ ವಿಷವಿತ್ತೆಂದು ಗೊತ್ತಾಗಲು ವರ್ಷಗಳೇ ಹಿಡಿದವು. 1999ರಲ್ಲಿ ಬೆಲ್ಜಿಯಂನಲ್ಲಿ ಮೇವಿನ ಕೊಬ್ಬಿಗೆ ಕೈಗಾರಿಕಾ ತೈಲ ಬೆರೆತು, ಕೋಳಿ, ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸು ಪಡೆಯಬೇಕಾಯಿತು. ಆ ಗದ್ದಲದ ನಡುವೆ ನಡೆದ ಚುನಾವಣೆಯಲ್ಲಿ ಅಲ್ಲಿನ ಸರ್ಕಾರ ಸೋತಿತು.

ಮಲೆನಾಡಿನ ಮಾತಿಗೆ ಬಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮೇವಿನ ಚೀಲ ಕಾಯುವುದೇ ಕಷ್ಟ. ತೇವಕ್ಕೆ ಜೋಳ ಬೂಷ್ಟು ಹಿಡಿಯುತ್ತದೆ. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಚೀಲ ಇಟ್ಟು, ಬಂದ ಮೇವನ್ನು ಹಳತಾಗಲು ಬಿಡದೆ ಬಳಸುವುದೊಂದೇ ದಾರಿ. ತೌಡು ಬೇಗ ಮುಗಿಸಿ ಎನ್ನುತ್ತಿದ್ದ ಅಜ್ಜಿಯ ಮಾತು ಇಲ್ಲೂ ಸಲ್ಲುತ್ತದೆ.

ಚೀಲದ ಬೆಲೆ ಕಟ್ಟುವವರಾರು?

ಬ್ರಾಯ್ಲರ್ ಸಾಕುವ ಖರ್ಚಿನಲ್ಲಿ ಮೂರನೇ ಎರಡು ಪಾಲು ಮೇವಿನದೇ. ಭಾರತ ತನಗೆ ಬೇಕಾದ ಖಾದ್ಯತೈಲದ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಒಂದು ಕಾಲಕ್ಕೆ ದೇಶದಲ್ಲೇ ಮುಂಚೂಣಿಯಲ್ಲಿದ್ದ ಕರ್ನಾಟಕದ ಸೂರ್ಯಕಾಂತಿ ಬೇಸಾಯ ಕುಗ್ಗಿಹೋಗಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದಾಗ ಸೂರ್ಯಕಾಂತಿ ಎಣ್ಣೆಯ ಹಡಗುಗಳು ನಿಂತವು. ಅದೇ ಏಪ್ರಿಲ್ 28ರಿಂದ ಮೇ 23ರವರೆಗೆ ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ತಡೆಹಿಡಿಯಿತು. ಎಲ್ಲೋ ದೂರದ ಬಂದರಿನ ಸುದ್ದಿ ಕಳಸದ ಮಾಂಸದಂಗಡಿಯ ದರಪಟ್ಟಿಗೂ ಸಂಬಂಧಿಸಿದ್ದೆಂದರೆ ಅತಿಶಯೋಕ್ತಿಯಲ್ಲ.

ಇದರ ಬಿಸಿ ಹೆಚ್ಚಾಗಿ ತಟ್ಟುವುದು ಸಣ್ಣ ಸಾಕಣೆದಾರನಿಗೆ. 1990ರ ದಶಕದಲ್ಲಿ ಕೊಯಮತ್ತೂರು ಸೀಮೆಯಲ್ಲಿ ಬೇರೂರಿ ನಮ್ಮ ರಾಜ್ಯಕ್ಕೂ ಹಬ್ಬಿದ ಗುತ್ತಿಗೆ ಪದ್ಧತಿಯಲ್ಲಿ ಮರಿ, ಮೇವು, ಔಷಧಿ ಕಂಪೆನಿಯದು. ಷೆಡ್ಡು, ನೀರು, ದುಡಿಮೆ ರೈತನದು. ಎಷ್ಟು ಮೇವಿಗೆ ಎಷ್ಟು ತೂಕ ಬಂತೆಂಬ ಲೆಕ್ಕದ ಮೇಲೆ ಅವನ ಕೂಲಿ ನಿಗದಿಯಾಗುತ್ತದೆ. ಮೇವಿನಲ್ಲಿ ಎಣ್ಣೆ ಕಡಿಮೆಯಾದರೂ, ಕೆಟ್ಟದ್ದಾದರೂ ತೂಕ ಇಳಿಯುತ್ತದೆ, ಕೂಲಿಯೂ ಇಳಿಯುತ್ತದೆ. ಆದರೆ ಚೀಲದೊಳಗೆ ಏನಿರಬೇಕೆಂದು ಹೇಳುವ ಅಧಿಕಾರ ಅವನಿಗಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಕೋಳಿಗೆ ಇಂಜೆಕ್ಷನ್ ಕೊಟ್ಟರೇ ಎಂಬುದಲ್ಲ. ಈ ಚೀಲದಲ್ಲಿರುವ ಎಣ್ಣೆ ಯಾವುದು, ಎಷ್ಟು, ಯಾವಾಗ ಬೆರೆಸಿದ್ದು ಎಂಬುದು. ಅದಕ್ಕೆ ಉತ್ತರ ಚೀಲದ ಮೇಲೆಯೇ ಕನ್ನಡದಲ್ಲಿ ಅಚ್ಚಾಗಿ ಬಂದರೆ ಸಾಕುವವನಿಗೂ ಒಳ್ಳೆಯದು, ತಿನ್ನುವವನಿಗೂ ಒಳ್ಳೆಯದು.